ತಪ್ಪಿನ ಕಿರ್ದಿ

ನಮ್ಮ ಮನೆ ಜಗುಲಿಯಲ್ಲಿ, ಗೋಡೆಗೆ ಒರಗಿಸಿಟ್ಟ ಕರಿಹಲಗೆಯ ಪಕ್ಕ, ಕೆಂಪು ಬಟ್ಟೆಯ ರಟ್ಟು ಹಾಕಿದ ಒಂದು ಕಿರ್ದಿ ಪುಸ್ತಕ ಇರುತ್ತದೆ. ಹಗಲಿಡೀ ನಾನು ಲೆಕ್ಕ ಬರೆಯುವ ಅಡಿಕೆ ಮಂಡಿಯಲ್ಲಿ ಬಳಸುವಂಥದೇ. ಎಡಕ್ಕೆ ಜಮಾ, ಬಲಕ್ಕೆ ಖರ್ಚು. ಈ ಪುಸ್ತಕದಲ್ಲಿ ಮಾತ್ರ ದುಡ್ಡಿನ ಸುದ್ದಿಯಿಲ್ಲ. ಸಂಜೆ ಲೆಕ್ಕ ಹಿಡಿದುಕೊಂಡು ಬರುವ ಪಿಯುಸಿ ಮಕ್ಕಳು ಎಲ್ಲಿ ತಪ್ಪಿದರೋ ಆ ಒಂದೇ ಒಂದು ಸಾಲನ್ನು, ಅವರು ಬರೆದ ಹಾಗೇ, ಖರ್ಚಿನ ಕಡೆ ನಕಲು ಮಾಡುತ್ತೇನೆ. "ಇದನ್ನ ಯಾಕೆ ಹೀಗೆ ಬರೆದೆ ಮಾರಾಯ?" ಅಂತ ಕೇಳಿದಾಗ ಅವರು ಕೊಟ್ಟ ಕಾರಣವನ್ನು ಅವರದೇ ಮಾತಿನಲ್ಲಿ ಜಮಾ ಕಡೆ ಬರೆಯುತ್ತೇನೆ. ಸರಿ ಉತ್ತರ ಎಲ್ಲೂ ಬರೆಯುವುದಿಲ್ಲ. ಅದು ಪಠ್ಯಪುಸ್ತಕದ ಹಿಂದಿನ ಪುಟಗಳಲ್ಲಿ ಇದ್ದೇ ಇದೆ.

ನಾನು ಸಾಗರದವಳು. ಟೀಚರ್ ಅಲ್ಲ. ತೊಂಬತ್ತರ ದಶಕದಲ್ಲಿ ಶಿವಮೊಗ್ಗದಲ್ಲಿ ಪಿಸಿಎಂ (ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್) ತೆಗೆದುಕೊಂಡು ಬಿ.ಎಸ್‌ಸಿ ಮಾಡಿದೆ, ಆಮೇಲೆ ಮದುವೆ, ಆಮೇಲೆ ಮಂಡಿಯ ಲೆಕ್ಕ. ಎಂಟು ವರ್ಷದ ಹಿಂದೆ ಪಕ್ಕದ ಮನೆಯ ಹುಡುಗಿ ಒಂದು ಸಂಜೆ ಇಂಟಿಗ್ರೇಷನ್ (ಗೆರೆಯ ಕೆಳಗಿನ ವಿಸ್ತೀರ್ಣ ಕಂಡುಹಿಡಿಯುವ ಗಣಿತ) ಪುಟ ತೆರೆದುಕೊಂಡು ಬಂದಳು. ಅಲ್ಲಿಂದ ಶುರುವಾದದ್ದು. ಈಗ ಆರೂವರೆಯಿಂದ ಎಂಟೂವರೆಯವರೆಗೆ ನಾಲ್ಕರಿಂದ ಏಳು ಮಕ್ಕಳು ಬರುತ್ತಾರೆ. ಅಕ್ಕಪಕ್ಕದ ಮನೆಯವರಿಗೆ ನಾನು ಅತ್ತೆ, ಹಾಸ್ಟೆಲಿನಿಂದ ಬರುವವರಿಗೆ ಮೇಡಂ. ಫೀಸು ಇಲ್ಲ. ಮಳೆಗಾಲದಲ್ಲಿ ಕರೆಂಟು ಹೋದರೆ ಕಂದೀಲು ಇದೆ.

ಆ ಮೊದಲನೇ ಹುಡುಗಿಗೆ ನಾನು ಮಾಡಿದ್ದು ಅನ್ಯಾಯ. ಮರುದಿನ ಕಾಲೇಜಿನಲ್ಲಿ ಹೋಂವರ್ಕ್ ತೋರಿಸಬೇಕಿತ್ತು. ಹನ್ನೊಂದು ಲೆಕ್ಕ ಬಾಕಿ. ಎಷ್ಟೋ ವರ್ಷದ ಮೇಲೆ ಕೈಗೆ ಸಿಕ್ಕಿದ ಲೆಕ್ಕ, ನನಗೆ ಹುಮ್ಮಸ್ಸು ಬಂದುಬಿಟ್ಟಿತು. ಒಂದಾದ ಮೇಲೊಂದು ನಾನೇ ಬಿಡಿಸಿಕೊಟ್ಟೆ, ಅವಳು ಅಂದವಾಗಿ ನಕಲು ಮಾಡಿಕೊಂಡಳು. ಎ ವರ್ಗದಲ್ಲಿ ಎಕ್ಸ್ ವರ್ಗ ಕಳೆದು ಅದರ ವರ್ಗಮೂಲವನ್ನು ಇಂಟಿಗ್ರೇಟ್ ಮಾಡುವುದು ಅದರಲ್ಲೊಂದು. ಉದ್ದನೆಯ ಸೂತ್ರ, ಇಬ್ಬರೂ ಖುಷಿಯಿಂದ ಮುಗಿಸಿದೆವು. ಎರಡು ವಾರದ ನಂತರ ಟೆಸ್ಟಿನಲ್ಲಿ ಬಂದದ್ದು 9ರಲ್ಲಿ ಎಕ್ಸ್ ವರ್ಗ ಕಳೆದದ್ದರ ವರ್ಗಮೂಲ. ಅವಳು ಅದನ್ನು ಮುಟ್ಟಲೇ ಇಲ್ಲ. ಮನೆಗೆ ಬಂದು ಅಳುತ್ತಾ ಹೇಳಿದಳು: "ಅತ್ತೆ, ನೀವು ಹೇಳಿಕೊಟ್ಟಿದ್ರಲ್ಲಿ ಎ ಇತ್ತು. ಇದ್ರಲ್ಲಿ ಎ ಇರ್ಲೇ ಇಲ್ಲ."

9 ಅಂದರೆ 3ರ ವರ್ಗ, ಇಲ್ಲಿ ಎ ಇರುವ ಜಾಗದಲ್ಲಿ 3 ಕೂತಿದೆ, ಇಷ್ಟು ಅವಳಿಗೆ ಕಾಣಿಸಿರಲಿಲ್ಲ. ಅವಳಿಗೆ ಕಾಣಿಸಿಲ್ಲ ಎಂಬುದು ನನಗೂ ಗೊತ್ತಾಗಿರಲಿಲ್ಲ, ಯಾಕಂದರೆ ಆ ರಾತ್ರಿಯಿಡೀ ಪೆನ್ನು ಇದ್ದದ್ದು ನನ್ನ ಕೈಯಲ್ಲಿ. ಅವಳು ಒಂದು ತಪ್ಪು ಮಾಡುವುದಕ್ಕೂ ನಾನು ಜಾಗ ಬಿಟ್ಟಿರಲಿಲ್ಲ. ಮಾರನೇ ದಿನ ಮಂಡಿಯಿಂದ ಬರುವಾಗ ಒಂದು ಖಾಲಿ ಕಿರ್ದಿ ತಂದೆ. ಮೊದಲ ಪುಟದ ಖರ್ಚಿನ ಕಡೆ "ಉತ್ತರ ಬರೆದಿಲ್ಲ" ಅಂತಿದೆ. ಜಮಾ ಕಡೆ: "ಇದ್ರಲ್ಲಿ ಎ ಇರ್ಲೇ ಇಲ್ಲ."

ಈಗ ಮೂರನೇ ಪುಸ್ತಕ ನಡೆಯುತ್ತಿದೆ. ಅಷ್ಟೂ ಪುಟ ತಿರುವಿದ ಮೇಲೆ ಒಂದು ಮಾತು ನಾನು ಧೈರ್ಯವಾಗಿ ಹೇಳಬಲ್ಲೆ. ಮಕ್ಕಳು ಸುಮ್ಮಸುಮ್ಮನೆ ತಪ್ಪು ಮಾಡುವುದು ತೀರಾ ಕಡಿಮೆ. ಹಿಂದಿನ ಯಾವುದೋ ತರಗತಿಯಲ್ಲಿ ನೂರಕ್ಕೆ ನೂರು ಸರಿಯಿದ್ದ ಒಂದು ನಿಯಮವನ್ನು ನಂಬಿಕೊಂಡು, ಅದು ನಡೆಯದ ಜಾಗಕ್ಕೂ ಹೊತ್ತುಕೊಂಡು ಬಂದಿರುತ್ತಾರೆ. ಆ ನಿಯಮ ಯಾವುದು, ಅದರ ಬೇಲಿ ಎಲ್ಲಿ ಮುಗಿಯಿತು ಅಂತ ಪತ್ತೆ ಹಚ್ಚುವುದಕ್ಕೇ ನನ್ನ ಎರಡು ಗಂಟೆಯಲ್ಲಿ ಮುಕ್ಕಾಲು ಪಾಲು ಹೋಗುತ್ತದೆ.

ಎರಡನೇ ಪಿಯುಸಿಯ ಶುರುವಿನಲ್ಲೇ ಬರುವ ಪಾಠ ಇನ್ವರ್ಸ್ ಟ್ರಿಗ್ನಾಮೆಟ್ರಿ. ಕೋನ ಕೊಟ್ಟರೆ ಸೈನ್ ಒಂದು ಸಂಖ್ಯೆ ಕೊಡುತ್ತದೆ; ಸೈನ್ ಇನ್ವರ್ಸನ್ನು ಬರೆಯುವುದು ಸೈನಿನ ತಲೆಯ ಮೇಲೆ ಮೈನಸ್ 1 ಇಟ್ಟು. ಪ್ರತಿ ಜೂನ್, ಜುಲೈನಲ್ಲಿ ಯಾರಾದರೊಬ್ಬರು ಸೈನ್ ಇನ್ವರ್ಸ್ ಎಕ್ಸ್ ಅಂದರೆ ಕೊಸೆಕ್ ಎಕ್ಸ್ (ಒನ್ ಬೈ ಸೈನ್ ಎಕ್ಸ್) ಅಂತ ಬರೆದೇ ಬರೆಯುತ್ತಾರೆ. ಮೊದಮೊದಲು ನಾನು "ಹಾಗಲ್ಲ, ಅದು ಬೇರೆ ಇದು ಬೇರೆ, ನೆನಪಿಟ್ಟುಕೋ" ಅಂದು ಮುಂದೆ ಹೋಗುತ್ತಿದ್ದೆ. ಒಬ್ಬ ಹುಡುಗ ಬಿಡಲಿಲ್ಲ. ಅವನ ಮಾತು ಜಮಾ ಕಡೆ ಹೀಗಿದೆ: "5ರ ತಲೆ ಮೇಲೆ ಮೈನಸ್ 1 ಹಾಕಿದ್ರೆ 1/5. ಎಂಟನೇ ಕ್ಲಾಸಲ್ಲಿ ಅದನ್ನೇ ಗುಣಾಕಾರದ ವಿಲೋಮ ಅಂತ ಕಲಿಸಿದ್ದು. ಇನ್ವರ್ಸ್ ಅಂದ್ರೆ ವಿಲೋಮ ಅಂತ ನೀವೇ ಹೇಳಿದ್ರಿ. ಹಂಗಾದ್ರೆ ಸೈನ್ ವಿಲೋಮ ಒನ್ ಬೈ ಸೈನ್ ಯಾಕಲ್ಲ?"

ಎಷ್ಟು ನೇರವಾದ ಪ್ರಶ್ನೆ! ಅವನು ಹೇಳಿದ್ದರಲ್ಲಿ ಒಂದು ಅಕ್ಷರವೂ ಸುಳ್ಳಿಲ್ಲ. ಎಂಟನೇ ತರಗತಿಯ ಭಾಗಲಬ್ಧ ಸಂಖ್ಯೆಗಳ ಪಾಠದಲ್ಲಿ ಸಂಕಲನದ ವಿಲೋಮವೂ ಇದೆ, ಗುಣಾಕಾರದ ವಿಲೋಮವೂ ಇದೆ. ಮಕ್ಕಳ ತಲೆಯಲ್ಲಿ ಎರಡನೆಯದು ಮಾತ್ರ ಉಳಿದು, ವಿಲೋಮ ಅಂದರೆ ತಲೆಕೆಳಗು ಮಾಡುವುದು ಅಂತಾಗಿಬಿಡುತ್ತದೆ. ನಾನು ಅವನನ್ನು ಅಲ್ಲಿಗೇ ವಾಪಸು ಕರೆದುಕೊಂಡು ಹೋದೆ. "5 ಕೂಡಿಸಿದೆ. ಮೊದಲಿದ್ದ ಜಾಗಕ್ಕೆ ಬರೋಕೆ ಏನು ಮಾಡ್ತೀಯ?" "5 ಕಳೀತೀನಿ." "5ರಿಂದ ಗುಣಿಸಿದೆ. ಈಗ?" "1/5ರಿಂದ ಗುಣಿಸ್ತೀನಿ." "30 ಡಿಗ್ರಿಗೆ ಸೈನ್ ತಗೊಂಡೆ, ಅರ್ಧ ಬಂತು. ಅರ್ಧದಿಂದ 30ಕ್ಕೆ ವಾಪಸ್ ಬರೋಕೆ?" ಹುಡುಗ ಸ್ವಲ್ಪ ಹೊತ್ತು ಹಲಗೆ ನೋಡಿದ. "ತಲೆಕೆಳಗು ಮಾಡಿದ್ರೆ 2 ಬರುತ್ತೆ. 30 ಬರಲ್ಲ" ಅಂದ. ಅಷ್ಟು ಸಾಕಿತ್ತು. ವಿಲೋಮ ಅಂದರೆ ಹೋದ ದಾರಿಯಲ್ಲೇ ಹಿಂತಿರುಗಿ ಬರುವುದು, ತಲೆಕೆಳಗು ಮಾಡುವುದು ಗುಣಾಕಾರದ ಊರಿಗೆ ಮಾತ್ರ ವಾಪಸು ಹೋಗುವ ದಾರಿ. ಇದು ಕೂತ ಮೇಲೆ ಉತ್ತರವನ್ನು ಮೈನಸ್ 90ರಿಂದ 90 ಡಿಗ್ರಿಯ ಒಳಗೇ ಯಾಕೆ ಕಟ್ಟಿಹಾಕುತ್ತಾರೆ ಎಂಬುದನ್ನೂ ಅವನೇ ಹೇಳಿದ. ಅರ್ಧಕ್ಕೆ ಬಂದವರು 30ರಿಂದಲೂ ಬಂದಿರಬಹುದು, 150ರಿಂದಲೂ ಬಂದಿರಬಹುದು. ಯಾವ ಮನೆಗೆ ವಾಪಸು ಕಳಿಸುವುದು ಅಂತ ಮೊದಲೇ ಒಂದು ಕರಾರು ಬೇಕು.

ಆದರೂ ಅವನ ತಕರಾರು ಪೂರ್ತಿ ತೀರಲಿಲ್ಲ. ಸೈನ್ ಸ್ಕ್ವೇರ್ ಅಂದರೆ ಸೈನನ್ನು ಸೈನಿನಿಂದಲೇ ಗುಣಿಸುವುದು. ತಲೆಯ ಮೇಲೆ 2 ಇದ್ದರೆ ಘಾತ, ಅದೇ ಜಾಗದಲ್ಲಿ ಮೈನಸ್ 1 ಇದ್ದರೆ ಘಾತವಲ್ಲ ಅಂದರೆ ಯಾವ ನ್ಯಾಯ? ನ್ಯಾಯವಿಲ್ಲ ಅಂತಲೇ ನಾನು ಹೇಳಿದೆ. ಸೈನಿನ ತಲೆಯ ಮೇಲೆ ಈ ಅರ್ಥದಲ್ಲಿ ಮೈನಸ್ 1 ಇಟ್ಟವನು ಇಂಗ್ಲೆಂಡಿನ ಜಾನ್ ಹರ್ಷೆಲ್, 1813ರಲ್ಲಿ. ಯುರೇನಸ್ ಗ್ರಹ ಕಂಡುಹಿಡಿದ ವಿಲಿಯಂ ಹರ್ಷೆಲನ ಮಗ. ಅವನ ಲೆಕ್ಕದ ಪ್ರಕಾರ ತಲೆಯ ಮೇಲಿನ ಅಂಕಿ ಅಂದರೆ ಆ ಕೆಲಸವನ್ನು ಎಷ್ಟು ಸಲ ಮಾಡಬೇಕು ಎಂಬ ಎಣಿಕೆ. ಮೈನಸ್ ಅಂದರೆ ಹಿಂದಕ್ಕೆ. ಸೈನ್ ಸ್ಕ್ವೇರಿನ ರೂಢಿ ಬೇರೆ ದಾರಿಯಿಂದ ಬಂದದ್ದು. ಎರಡೂ ಒಂದೇ ಪುಸ್ತಕದಲ್ಲಿ ಉಳಿದುಬಿಟ್ಟಿವೆ. ಬರವಣಿಗೆಯಲ್ಲೇ ಇರುವ ಗೊಂದಲವನ್ನು ಮಗುವಿನ ದಡ್ಡತನ ಅನ್ನಬಾರದು. ಹಾಗೆ ಅನ್ನಿಸಿಕೊಂಡು ಗಣಿತ ಬಿಟ್ಟವರನ್ನು ನಾನು ಕಂಡಿದ್ದೇನೆ.

ಸೈನ್ ವಿಷಯ ಬಂದಾಗಲೆಲ್ಲ ಹೇಳುವ ಇನ್ನೊಂದು ಸಂಗತಿಯಿದೆ, ಇಲ್ಲೂ ಹೇಳಿಬಿಡುತ್ತೇನೆ. ಆರ್ಯಭಟ 499ರ ಹೊತ್ತಿಗೆ ಇದನ್ನು ಜ್ಯಾ ಅಂತ ಕರೆದ. ಜ್ಯಾ ಅಂದರೆ ಬಿಲ್ಲಿನ ಹೆದೆ. ಅದು ಅರಬ್ಬರ ಬಾಯಲ್ಲಿ ಜೀಬಾ ಆಗಿ, ಬರಹದಲ್ಲಿ ಜೈಬ್ ಅಂತ ಓದಿಸಿಕೊಂಡು, ಆ ಶಬ್ದಕ್ಕೆ ಮಡಿಲು ಎಂಬ ಅರ್ಥ ಇದ್ದುದರಿಂದ ಲ್ಯಾಟಿನ್ನಿನಲ್ಲಿ ಸೈನಸ್ ಆಯಿತು. ಇಷ್ಟು ಅನೇಕರಿಗೆ ಗೊತ್ತು. ಆದರೆ ಕನ್ನಡ ಶಾಲೆಯ ಮಕ್ಕಳು ದಿನಾ ಹೇಳುವ ತ್ರಿಜ್ಯ ಎಂಬ ಶಬ್ದದಲ್ಲೂ ಅದೇ ಜ್ಯಾ ಇದೆ. ಮೂರು ರಾಶಿಯ ಜ್ಯಾ. ಒಂದು ರಾಶಿಗೆ 30 ಡಿಗ್ರಿ, ಮೂರಕ್ಕೆ 90. 90 ಡಿಗ್ರಿಯ ಜ್ಯಾ ವೃತ್ತದ ಕೇಂದ್ರದಿಂದ ಅಂಚಿನವರೆಗಿನ ಉದ್ದಕ್ಕೇ ಸಮ. ಅದಕ್ಕೇ ಆ ಉದ್ದಕ್ಕೆ ತ್ರಿಜ್ಯ ಅಂತ ಹೆಸರು. ಆ ಉದ್ದವನ್ನು ಒಂದು ಅಂತ ಇಟ್ಟುಕೊಂಡರೆ ಸೈನ್ 90 ಒಂದು. ಇಂಗ್ಲಿಷ್ ಮೀಡಿಯಮ್ಮಿನ ಮಕ್ಕಳು ಟೇಬಲ್ ಬಾಯಿಪಾಠ ಮಾಡುವ ಜಾಗದಲ್ಲಿ ನಮ್ಮ ಮಕ್ಕಳ ನಾಲಿಗೆಯ ಮೇಲೆ ಉತ್ತರ ಮೊದಲೇ ಕೂತಿತ್ತು. ಕನ್ನಡ ಮೀಡಿಯಂ ಅಂತ ಹಿಂಜರಿದು ಕೂತ ಹುಡುಗಿಯೊಬ್ಬಳು ಇದನ್ನು ಕೇಳಿ ಬೆನ್ನು ನೆಟ್ಟಗೆ ಮಾಡಿ ಕೂತದ್ದು ನನಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ.

ಮೊದಲ ಪಿಯುಸಿಯವರದ್ದು ಬೇರೆ ಥರದ ಪುಟಗಳು. ಮೈನಸ್ 4ರ ವರ್ಗಮೂಲವನ್ನು ಮೈನಸ್ 9ರ ವರ್ಗಮೂಲದಿಂದ ಗುಣಿಸಿದರೆ 36ರ ವರ್ಗಮೂಲ, ಅಂದರೆ 6 ಅಂತ ಬರೆಯುತ್ತಾರೆ. ಬರಬೇಕಾದದ್ದು ಮೈನಸ್ 6. "ಎರಡು ರೂಟ್ ಗುಣಿಸಿದ್ರೆ ಒಳಗಿನದನ್ನ ಗುಣಿಸಿ ಒಂದೇ ರೂಟ್ ಹಾಕಬಹುದು, ಹತ್ತನೇ ಕ್ಲಾಸಲ್ಲಿ ಪೂರ್ತಿ ಮಾರ್ಕ್ಸ್ ಕೊಟ್ಟಿದ್ರು" ಅನ್ನುತ್ತದೆ ಜಮಾ ಕಡೆ. ಹತ್ತನೆಯಲ್ಲಿ ಮೈನಸ್ ಸಂಖ್ಯೆಗಳ ರೂಟುಗಳನ್ನು ಗುಣಿಸುವ ಲೆಕ್ಕ ಬಂದದ್ದೇ ಇಲ್ಲ. ಹಾಗಾಗಿ ನಿಯಮಕ್ಕೆ ಬೇಲಿ ಇದೆ ಅಂತ ಹೇಳುವ ಪ್ರಮೇಯವೂ ಯಾರಿಗೂ ಬಂದಿರಲಿಲ್ಲ. ಇಲ್ಲಿ ನಾನು ಮಹಾವೀರಾಚಾರ್ಯನ ಹೆಸರು ಹೇಳುತ್ತೇನೆ. ಒಂಬತ್ತನೇ ಶತಮಾನದಲ್ಲಿ, ನಮ್ಮ ಅಮೋಘವರ್ಷ ನೃಪತುಂಗನ ಕಾಲದಲ್ಲಿ ಇದ್ದ ಜೈನ ಗಣಿತಜ್ಞ. ಋಣ ಸಂಖ್ಯೆ ಸ್ವಭಾವದಿಂದಲೇ ಯಾವುದರ ವರ್ಗವೂ ಅಲ್ಲ, ಆದ್ದರಿಂದ ಅದಕ್ಕೆ ವರ್ಗಮೂಲವಿಲ್ಲ ಅಂತ ಅವನು ಸ್ಪಷ್ಟವಾಗಿ ಹೇಳಿದ್ದಾನೆ. ಅವನು ನಿಂತ ಜಾಗದಲ್ಲಿ ಅದು ಸರಿಯೇ. ಈಗ ನೀವು ವರ್ಗ ಮಾಡಿದರೆ ಮೈನಸ್ 1 ಬರುವ ಐ ಎಂಬ ಹೊಸದೊಂದನ್ನು ಮನೆಗೆ ಕರೆದುಕೊಂಡಿದ್ದೀರಿ, ಅದು ಬಂದ ಮೇಲೆ ಮನೆಯ ಹಳೆಯ ರೀತಿ ರಿವಾಜು ಯಾವುದು ಉಳಿಯಿತು, ಯಾವುದು ಹೋಯಿತು ಅಂತ ಒಂದೊಂದಾಗಿ ನೋಡಿಕೊಳ್ಳಬೇಕು ಅನ್ನುತ್ತೇನೆ. ಮೊದಲು ಪ್ರತಿಯೊಂದನ್ನೂ ಐ ಹಾಕಿ ಬರೆದುಕೊಳ್ಳಿ. 2 ಐ, 3 ಐ. ಗುಣಿಸಿದರೆ 6 ಐ ವರ್ಗ. ಇನ್ನು ತಪ್ಪುವುದಕ್ಕೆ ದಾರಿಯೇ ಇಲ್ಲ.

ಎಕ್ಸ್ ವರ್ಗ ಸಮ 5 ಎಕ್ಸ್ ಇದ್ದರೆ ಎರಡೂ ಕಡೆ ಎಕ್ಸ್ ಹೊಡೆದು ಎಕ್ಸ್ ಸಮ 5 ಅಂತ ಬರೆದು, ಸೊನ್ನೆ ಎಂಬ ಇನ್ನೊಂದು ಉತ್ತರವನ್ನು ಕಳೆದುಕೊಂಡವರ ಪುಟಗಳು ಲೆಕ್ಕವಿಲ್ಲದಷ್ಟಿವೆ. ಅದನ್ನು ಈಗ ಬರೆಯುವುದನ್ನೇ ಬಿಟ್ಟಿದ್ದೇನೆ. ಬರೀ ಗೀಟು ಹಾಕುತ್ತೇನೆ.

ಏಣಿಯ ಲೆಕ್ಕದ ಪುಟ ಮಾತ್ರ ನನಗೆ ಬಹಳ ಪ್ರೀತಿಯದು. 5 ಮೀಟರಿನ ಏಣಿ ಗೋಡೆಗೆ ಒರಗಿದೆ, ಅದರ ಬುಡವನ್ನು ಸೆಕೆಂಡಿಗೆ 2 ಸೆಂಟಿಮೀಟರಿನಂತೆ ಎಳೆಯುತ್ತಿದ್ದಾರೆ, ಬುಡ ಗೋಡೆಯಿಂದ 4 ಮೀಟರ್ ದೂರ ಇದ್ದಾಗ ತುದಿ ಯಾವ ವೇಗದಲ್ಲಿ ಇಳಿಯುತ್ತಿರುತ್ತದೆ? ಎರಡನೇ ಪಿಯುಸಿ ಗಣಿತ ಓದಿದವರಿಗೆಲ್ಲ ಪರಿಚಯದ ಲೆಕ್ಕ. ಆ ವರ್ಷ ಬರುತ್ತಿದ್ದ ಒಬ್ಬ ಹುಡುಗ ಪೈಥಾಗೊರಸ್ ಹಾಕಿ 4ರ ವರ್ಗ, 3ರ ವರ್ಗ, 5ರ ವರ್ಗ ಅಂತ ಬರೆದುಕೊಂಡು ಆಮೇಲೆ ಡಿಫರೆನ್ಷಿಯೇಟ್ ಮಾಡಿದ, ಅಂದರೆ ಬದಲಾಗುವ ವೇಗ ಕಂಡುಹಿಡಿಯಲು ಹೋದ. ಅಂಕಿಗಳನ್ನು ಡಿಫರೆನ್ಷಿಯೇಟ್ ಮಾಡಿದರೆ ಸೊನ್ನೆ. "ಮೇಡಂ, ಏಣಿ ಜಾರ್ತಾನೇ ಇಲ್ಲ" ಅಂದ. ಕಾರಣ ಕೇಳಿದೆ. "ಫಿಸಿಕ್ಸಲ್ಲಿ ಕೊಟ್ಟಿರೋ ಬೆಲೆಗಳನ್ನ ಮೊದ್ಲು ಹಾಕ್ಬೇಕು, ಲೆಕ್ಕ ಹಗುರ ಆಗುತ್ತೆ ಅಂತಾರೆ."

ನಮ್ಮ ಮನೆಯಲ್ಲಿ ಅಟ್ಟಕ್ಕೆ ಹತ್ತುವ 10 ಅಡಿಯ ಬಿದಿರು ಏಣಿ ಇದೆ. ಇಬ್ಬರು ಹುಡುಗರು ಅದನ್ನು ಹಿಡಿದುಕೊಂಡು ಬಂದರು, ಜಗುಲಿಯ ಗೋಡೆಗೆ ಒರಗಿಸಿದರು. ಬುಡ 6 ಅಡಿ ದೂರ ಇಟ್ಟರೆ ತುದಿ 8 ಅಡಿ ಎತ್ತರದಲ್ಲಿ. ಸೀಮೆಸುಣ್ಣದಲ್ಲಿ ಗುರುತು. ಬುಡವನ್ನು ಒಂದು ಅಡಿ ಎಳೆದಾಗ ತುದಿ ಸುಮಾರು 10 ಇಂಚು ಇಳಿಯಿತು. ಆಮೇಲೆ ಬುಡ 8 ಅಡಿಗೆ ಹೋಗಲಿ ಅಂದೆ, ತುದಿ 6 ಅಡಿಗೆ ಬಂತು. ಈಗ ಮತ್ತೆ ಅದೇ ಒಂದು ಅಡಿ ಎಳೆದರೆ ತುದಿ ಹತ್ತಿರ ಹತ್ತಿರ 20 ಇಂಚು ಕುಸಿಯಿತು. ಹಿಡಿದುಕೊಂಡಿದ್ದ ಹುಡುಗನ ಕೈಗೆ ಭಾರ ತಟ್ಟನೆ ಬಂತು, ಅವನು "ಓಯ್!" ಅಂದ. ಎಳೆದದ್ದು ಅಷ್ಟೇ ದೂರ, ಇಳಿದದ್ದು ಎರಡರಷ್ಟು. ಏಣಿ ಎಲ್ಲಿದೆ ಎಂಬುದರ ಮೇಲೆ ವೇಗ ನಿಂತಿದೆ ಎನ್ನುವುದನ್ನು ಅವರ ಕೈಯೇ ಹೇಳಿತು.

ಆಮೇಲೆ ಹಲಗೆಗೆ ಬಂದೆವು. ಎಕ್ಸ್ ಮತ್ತು ವೈ ಅಂತ ಬರೆದಿರುವಷ್ಟು ಹೊತ್ತು ಏಣಿ ಚಲಿಸುತ್ತಿದೆ. 4 ಅಂತ ಬರೆದ ಕ್ಷಣ ಅದನ್ನು ಹಗ್ಗ ಹಾಕಿ ಕಟ್ಟಿದಂತೆ. ಕಟ್ಟಿದ ಏಣಿಗೆ ವೇಗ ಕೇಳಿದರೆ ಸೊನ್ನೆ ಅನ್ನದೆ ಇನ್ನೇನು ಹೇಳೀತು? ಅದು ಚಲಿಸುತ್ತಿರುವಾಗಲೇ ಡಿಫರೆನ್ಷಿಯೇಟ್ ಮಾಡು, ವೇಗಗಳ ನಂಟು ಸಿಗುತ್ತದೆ, ಆಮೇಲೆ 4ರ ಹತ್ತಿರ ಫೋಟೊ ತೆಗೆ. ಹುಡುಗ ತಾನೇ ಮಾಡಿದ. ಮೈನಸ್ 8/3 ಬಂತು. ಮೈನಸ್ ಯಾಕೆ ಅಂತ ಯಾರೂ ಕೇಳಲಿಲ್ಲ, ತುದಿ ಕೆಳಗೆ ಬಂದದ್ದನ್ನು ಎಲ್ಲರೂ ನೋಡಿದ್ದರು. ಜೋರು ಮಳೆಯ ದಿನ ಅದು. ಏಣಿಯ ಬುಡ ಎಳೆದ ಗೀರು ಜಗುಲಿಯ ಕೆಂಪು ನೆಲದ ಮೇಲೆ ಈಗಲೂ ಇದೆ, ಒರೆಸಿದರೆ ಹೋಗುವುದಿಲ್ಲ.

ಇನ್ನೊಂದು ಜಾತಿಯ ತಪ್ಪಿಗೆ ಗಣಿತ ಕಾರಣವೇ ಅಲ್ಲ. ಹತ್ತನೆಯವರೆಗೆ ಕನ್ನಡದಲ್ಲಿ ಓದಿ, ಚೆನ್ನಾಗಿ ಅಂಕ ತೆಗೆದು, ಪಿಯು ವಿಜ್ಞಾನಕ್ಕೆ ಬಂದ ಕೂಡಲೇ ಎಲ್ಲವೂ ಇಂಗ್ಲಿಷ್. ಮೂರು ನಾಣ್ಯ ಚಿಮ್ಮಿದಾಗ ಅಟ್ ಲೀಸ್ಟ್ ಒನ್ ಹೆಡ್ ಬರುವ ಸಂಭವನೀಯತೆ ಎಷ್ಟು ಅಂತ ಲೆಕ್ಕ. ಆನಂದಪುರದ ಕಡೆಯಿಂದ ಬರುವ ಹುಡುಗ 3/8 ಅಂತ ಬರೆದಿದ್ದ. ಒಂದು ಹೆಡ್ ಬರುವ ಮೂರು ರೀತಿಗಳನ್ನೂ ನೀಟಾಗಿ ಪಟ್ಟಿ ಮಾಡಿದ್ದ. ನಾನು ಅವನ ಹಾಳೆಯನ್ನು ತಿದ್ದದೆ, "ಕನಿಷ್ಠ ಒಂದು ಶಿರ ಬರಬೇಕು ಅಂದ್ರೆ?" ಅಂತ ಕೇಳಿದೆ. ಕಣ್ಣು ಮಿಟುಕಿಸುವಷ್ಟರಲ್ಲಿ "7/8 ಮೇಡಂ. ಮೂರೂ ಪುಚ್ಛ ಬರೋದೊಂದು ಬಿಟ್ರೆ ಉಳಿದಿದ್ದೆಲ್ಲ" ಅಂದ. ಒಂದರಲ್ಲಿ ಕಳೆದು ಮಾಡುವ ಚುರುಕಾದ ದಾರಿಯನ್ನು ಯಾರೂ ಹೇಳಿಕೊಡದೆ ಹಿಡಿದಿದ್ದ. ಈ ಹುಡುಗನಿಗೆ ಅದುವರೆಗಿನ ಟೆಸ್ಟುಗಳಲ್ಲಿ ಸಂಭವನೀಯತೆಯಲ್ಲಿ ಬಂದ ಅಂಕ ನೋಡಿದರೆ ಹೊಟ್ಟೆ ಉರಿಯುತ್ತದೆ.

ಅವತ್ತಿನಿಂದ ಕಿರ್ದಿಯ ಕೊನೆಯ ಪುಟಗಳಲ್ಲಿ ಶಬ್ದಗಳ ಪಟ್ಟಿ ಬೆಳೆಯುತ್ತಿದೆ. ರೆಸ್ಪೆಕ್ಟಿವ್ಲಿ ಅಂದರೆ ಕ್ರಮವಾಗಿ. ಹೆನ್ಸ್ ಅಂದರೆ ಈಗಷ್ಟೇ ಸಾಧಿಸಿದ್ದನ್ನು ಹಿಡಿದುಕೊಂಡೇ ಮುಂದಿನದನ್ನು ಮಾಡು, ಹೊಸದಾಗಿ ಶುರು ಮಾಡಬೇಡ. ಇಫ್ ಆಂಡ್ ಓನ್ಲಿ ಇಫ್ ಇದ್ದರೆ ಎರಡೂ ದಿಕ್ಕಿನಿಂದ ಸಾಧಿಸಬೇಕು. ನಾಟ್ ಮೋರ್ ದ್ಯಾನ್ ಅಂದರೆ ಅಷ್ಟೂ ಸೇರಿಯೇ. ಪಾಠಕ್ಕೆ ಮೊದಲು ಲೆಕ್ಕದ ವಾಕ್ಯವನ್ನು ಕನ್ನಡದಲ್ಲಿ ಜೋರಾಗಿ ಹೇಳಿಸುತ್ತೇನೆ. ಇಂಗ್ಲಿಷ್ ಮೀಡಿಯಮ್ಮಿನಿಂದ ಬಂದವರಿಗೂ ಹೇಳಿಸುತ್ತೇನೆ. ಅವರು ಶಬ್ದ ಓದಿರುತ್ತಾರೆ, ಎಷ್ಟೋ ಸಲ ಮಾತು ಕೇಳಿಸಿಕೊಂಡಿರುವುದಿಲ್ಲ.

ಫೋನಿನ ಬಗ್ಗೆ ಪಾಲಕರು ಕೇಳುತ್ತಾರೆ. ಈಗ ಲೆಕ್ಕದ ಫೋಟೊ ಹೊಡೆದರೆ ಎಲ್ಲ ಹಂತಗಳೂ ತೆರೆಯ ಮೇಲೆ ಬರುತ್ತವಲ್ಲ, ಅತ್ತೆಯ ಮನೆಗೆ ಯಾಕೆ ಹೋಗಬೇಕು ಅಂತ. ಮಕ್ಕಳು ಆ ಹಂತಗಳನ್ನು ನಕಲು ಮಾಡಿಕೊಂಡು ಬಂದಾಗ ನಾನು ಬೈಯುವುದಿಲ್ಲ. ಮಧ್ಯದ ಒಂದು ಸಾಲಿನ ಮೇಲೆ ಬೆರಳಿಟ್ಟು, "ಇದು ಇದರ ಮೇಲಿನ ಸಾಲಿನಿಂದ ಹೇಗೆ ಬಂತು?" ಅಂತ ಕೇಳುತ್ತೇನೆ. ಹೇಳಿದರೆ ಆ ಲೆಕ್ಕ ಅವರದು. ಹೇಳದಿದ್ದರೆ ಆ ಸಾಲಿನಿಂದಲೇ ಅವತ್ತಿನ ಕೆಲಸ ಶುರು. ನಾನು ಹನ್ನೊಂದು ಲೆಕ್ಕ ಬಿಡಿಸಿಕೊಟ್ಟ ರಾತ್ರಿ ನಾನು ಮಾಡಿದ್ದೂ ಈ ಫೋನಿನ ಕೆಲಸವನ್ನೇ. ಹಾಗಾಗಿ ಅದನ್ನು ದೂರುವ ಹಕ್ಕು ನನಗಿಲ್ಲ.

ಆ ದಿನಗಳದೇ ಇನ್ನೊಂದು ತಪ್ಪು ನನ್ನ ಮೇಲಿತ್ತು. ಘಾತಕ್ಕೆ ಒಂದು ಕೂಡಿಸಿ ಅದರಿಂದಲೇ ಭಾಗಿಸುವುದು ಇಂಟಿಗ್ರೇಷನ್ನಿನ ಮೊದಲ ಸೂತ್ರ. ಎಕ್ಸ್ ವರ್ಗಕ್ಕೂ ನಡೆಯುತ್ತದೆ, ಘನಕ್ಕೂ ನಡೆಯುತ್ತದೆ, ವರ್ಗಮೂಲಕ್ಕೂ ನಡೆಯುತ್ತದೆ. ಒಂದು ಬೈ ಎಕ್ಸ್‌ಗೆ ಮಾತ್ರ ಹಾಕಲು ಹೋದರೆ ಸೊನ್ನೆಯಿಂದ ಭಾಗಿಸಬೇಕಾಗುತ್ತದೆ. ಅಲ್ಲಿ ಪುಸ್ತಕ ಲಾಗ್ (ಲಾಗರಿದಮ್) ಅಂತ ಹೇಳಿ ಮುಂದೆ ಹೋಗುತ್ತದೆ. "ಇದ್ದಕ್ಕಿದ್ದಂಗೆ ಲಾಗ್ ಎಲ್ಲಿಂದ ಬಂತು ಅತ್ತೆ?" ಅಂತ ಆ ಮೊದಲನೇ ಹುಡುಗಿ ಕೇಳಿದ್ದಳು. "ಅದು ಸೂತ್ರ, ಬಾಯಿಪಾಠ ಮಾಡು" ಅಂದಿದ್ದೆ. ನನಗೂ ನನ್ನ ಕಾಲದಲ್ಲಿ ಹಾಗೇ ಹೇಳಿದ್ದರು. ಆ ಮಾತು ನನ್ನ ಬಾಯಿಂದ ಬಂದದ್ದು ವರ್ಷಗಟ್ಟಲೆ ಚುಚ್ಚುತ್ತಿತ್ತು.

ಕಳೆದ ಡಿಸೆಂಬರಿನಲ್ಲಿ ಅದೇ ಪ್ರಶ್ನೆಯನ್ನು ನಾಣ್ಯದ ಲೆಕ್ಕದ ಹುಡುಗ ಕೇಳಿದ. ಈ ಸಲ ಗ್ರಾಫ್ ಹಾಳೆ ತೆಗೆದೆ. ಒಂದು ಯೂನಿಟ್ಟಿಗೆ 5 ಸೆಂಟಿಮೀಟರ್ ಇಟ್ಟುಕೊಂಡು ಒಂದು ಬೈ ಎಕ್ಸ್ ಗೆರೆ ಎಳೆಸಿದೆ. 1ರಿಂದ 2ರವರೆಗೆ ಗೆರೆಯ ಕೆಳಗಿನ ಚೌಕಗಳನ್ನು ಎಣಿಸು ಅಂದೆ. ಚೂರುಪಾರು ಸೇರಿಸಿ 17 ಚಿಲ್ಲರೆ ಚದರ ಸೆಂಟಿಮೀಟರ್. ಆಮೇಲೆ 2ರಿಂದ 4ರವರೆಗೆ. ಎಣಿಸಿ ಮುಗಿಸಿದವನು ಏನೂ ಹೇಳದೆ ಮತ್ತೆ ಮೊದಲಿನಿಂದ ಎಣಿಸಿದ. ಮತ್ತದೇ 17 ಚಿಲ್ಲರೆ. "ತಪ್ಪಿದೀನಾ ಮೇಡಂ?" ಅಂದ. ತಪ್ಪಿರಲಿಲ್ಲ. 1ರಿಂದ 2ರ ನಡುವಿನ ಯಾವ ಸಣ್ಣ ಪಟ್ಟಿಯನ್ನೇ ಹಿಡಿ, 2ರಿಂದ 4ರ ನಡುವೆ ಅದರ ಜೋಡಿ ಎರಡರಷ್ಟು ಅಗಲ, ಅರ್ಧದಷ್ಟು ಎತ್ತರ. ಹಾಗಾಗಿ ವಿಸ್ತೀರ್ಣ ಅಷ್ಟೇ. 4ರಿಂದ 8ಕ್ಕೆ ಹೋದರೂ ಅಷ್ಟೇ. ಅದಕ್ಕೆ ಇನ್ನೊಂದು ಹಾಳೆ ಅಂಟಿಸಬೇಕಾಯಿತು. ದೂರ ಎರಡರಷ್ಟಾದಾಗಲೆಲ್ಲ ವಿಸ್ತೀರ್ಣಕ್ಕೆ ಅದೇ ಮೊತ್ತ ಕೂಡುತ್ತದೆ. ಅಲ್ಲಿ ಗುಣಿಸಿದ್ದು ಇಲ್ಲಿ ಕೂಡಿಕೆಯಾಗುತ್ತದೆ. "ಇಂಥ ಕೆಲಸ ಮಾಡೋದು ಯಾವುದು ಗೊತ್ತಾ ನಿನಗೆ?" ಅಂದೆ. ಅವನು ಹಾಳೆಯಿಂದ ಕಣ್ಣು ತೆಗೆಯದೆ ನಿಧಾನವಾಗಿ "ಲಾಗ್" ಅಂದ.

ಒಂದು ಚದರ ಯೂನಿಟ್ಟಿಗೆ 25 ಚದರ ಸೆಂಟಿಮೀಟರ್, ಹಾಗಾಗಿ 17.3ನ್ನು 25ರಿಂದ ಭಾಗಿಸಿದರೆ 0.69. ಲಾಗ್ ಕೋಷ್ಟಕದಲ್ಲಿ 2ರ ಸ್ವಾಭಾವಿಕ ಲಾಗ್ 0.693. ಗ್ರೆಗೊರಿ ದ ಸೇಂಟ್ ವಿನ್ಸೆಂಟ್ ಎಂಬ ಜೆಸ್ವಿಟ್ ಪಾದ್ರಿ 1647ರಲ್ಲಿ ಅಚ್ಚಾದ ತನ್ನ ಪುಸ್ತಕದಲ್ಲಿ ಈ ವಿಸ್ತೀರ್ಣಗಳ ಗುಣವನ್ನು ತೋರಿಸಿದ್ದ. ನಾವು ಅದನ್ನು ಸಾಗರದಲ್ಲಿ ಕಡ್ಡಿ ಪೆನ್ಸಿಲ್ಲಿನಿಂದ ಎಣಿಸಿದೆವು. ಮೊದಲನೇ ಹುಡುಗಿಗೆ ಆ ರಾತ್ರಿಯೇ ಹಾಳೆಯ ಫೋಟೊ ಕಳಿಸಿದೆ. ಅವಳೀಗ ಮೈಸೂರಿನಲ್ಲಿ ಕೆಲಸದಲ್ಲಿದ್ದಾಳೆ. ಫೋನ್ ಮಾಡಿ ಅರ್ಧ ಗಂಟೆ ಮಾತಾಡಿದಳು.

ಹುಡುಗ ಅಷ್ಟಕ್ಕೆ ಏಳಲಿಲ್ಲ. "ಪ್ರತಿ ಸಲನೂ ಅಷ್ಟೇ ಸೇರ್ತಾ ಹೋದ್ರೆ ಇದು ಮುಗಿಯೋದೇ ಇಲ್ವಾ? ಗೆರೆ ಇಷ್ಟು ಕೆಳಗೆ ಬಂದ್ರೂ?" ಅಂದ. ಮುಗಿಯುವುದಿಲ್ಲ ಅಂದೆ. ಎಂಟೂವರೆ ದಾಟಿತ್ತು, ಹಾಸ್ಟೆಲಿನ ಬಾಗಿಲು ಹಾಕುವ ಹೊತ್ತು. ಹೋಗುವಾಗ, ಒಂದು ಬೈ ಎಕ್ಸ್ ವರ್ಗಕ್ಕೂ ಹೀಗೇ ಆಗುತ್ತದಾ ನೋಡು ಅಂತ ಮಾತ್ರ ಹೇಳಿ ಕಳಿಸಿದೆ. ಅವತ್ತಿನ ಹೋಂವರ್ಕಿನ ಆರು ಲೆಕ್ಕ ಹಾಗೇ ಉಳಿದಿತ್ತು.

ಮರುದಿನ ಅವನು ಎಲ್ಲರಿಗಿಂತ ಮೊದಲು ಬಂದ. ಹಾಳೆಯ ಮೇಲೆ 1ರಿಂದ 2ಕ್ಕೆ 1/2, 2ರಿಂದ 4ಕ್ಕೆ 1/4, 4ರಿಂದ 8ಕ್ಕೆ 1/8 ಅಂತ ಕೆಳಗೆ ಕೆಳಗೆ ಇಳಿದು, ಹಾಳೆ ಮುಗಿಯುವ ತನಕ ಬರೆದಿದ್ದ. ತೀರಾ ಕೆಳಗೆ, ಕನ್ನಡದಲ್ಲಿ, "ಇದು ಎಷ್ಟು ದೂರ ಹೋದರೂ 1 ದಾಟುವುದಿಲ್ಲ." ತಪ್ಪಿಲ್ಲದ ಹಾಳೆ. ಆದರೂ ಕಿರ್ದಿಯ ಜಮಾ ಕಡೆ ಅಂಟಿಸಿದೆ. ಖರ್ಚಿನ ಕಡೆ ಖಾಲಿ ಬಿಟ್ಟಿದ್ದೇನೆ.